ಲೇಹ್, ನುಬ್ರಾ, ಪಾಂಗಾಂಗ್ ಬಿಟ್ಟು ಆಚೆ ಹೋಗುವವರಿಗೆ: ಝನ್ಸ್ಕಾರ್, ಚಾಂಗ್‌ಥಾಂಗ್

ಹಿಮಗಾಳಿ

ಲಡಾಖ್ ಅಂದ ತಕ್ಷಣ ಎಲ್ಲರ ಬಾಯಲ್ಲೂ ಅದೇ ಪಟ್ಟಿ. ಲೇಹ್, ಖರ್ದುಂಗ್ ಲಾ, ನುಬ್ರಾ, ಪಾಂಗಾಂಗ್, ವಾಪಸ್. ಆ ಜಾಗಗಳ ಬಗ್ಗೆ ನನಗೇನೂ ತಕರಾರಿಲ್ಲ. ಆದರೆ ಈಚೆಗೆ ತುಂಬಾ ಜನ ಅದಕ್ಕಿಂತ ಆಚೆ ಹೋಗಬೇಕು ಅಂತ ಕೇಳುತ್ತಿದ್ದಾರೆ. ಝನ್ಸ್ಕಾರ್ ಕಣಿವೆ, ಇಲ್ಲವೇ ಚಾಂಗ್‌ಥಾಂಗ್ ಎಂಬ ಎತ್ತರದ ಬಯಲಿನ ರುಪ್ಶು, ಹಾನ್ಲೆ. ಕೇಳಿ ಖುಷಿಯಾಗುತ್ತದೆ. ಆಮೇಲೆ ಅವರ ಪ್ಲಾನ್ ನೋಡಿದರೆ ಎದೆ ಧಸಕ್ ಅನ್ನುತ್ತದೆ. ವಾರದೊಳಗೆ ಇವೆಲ್ಲವೂ ಆಗಬೇಕು, ದಿನಕ್ಕೊಂದು ಊರು, ದಿನಕ್ಕೊಂದು ಪಾಸ್ (ಬೆಟ್ಟಸಾಲು ದಾಟುವ ಎತ್ತರದ ದಾರಿ, ಅಲ್ಲಿನವರ ಮಾತಲ್ಲಿ 'ಲಾ').

ನನ್ನ ಮಾತು ಇಷ್ಟೇ. ಇಂಥ ಕಡೆ ಹೋಗುವಾಗ ಒಂದೇ ಕಣಿವೆ ಆರಿಸಿಕೊಳ್ಳಿ. ಅಲ್ಲೇ ಇರಿ. ದಿನ ಮಿಕ್ಕಿದರೆ ಅದೇ ಕಣಿವೆಯ ಇನ್ನೊಂದು ಊರಿಗೆ ನಡೆದು ಹೋಗಿ, ಇನ್ನೊಂದು ಪಾಸ್ ದಾಟಬೇಡಿ.

ಉದಾಹರಣೆಗೆ ಝನ್ಸ್ಕಾರ್ ತಗೊಳ್ಳಿ. ಕಾರ್ಗಿಲ್‌ನಿಂದ ಅಲ್ಲಿನ ಮುಖ್ಯ ಊರು ಪದುಮ್‌ಗೆ 230 ಕಿ.ಮೀ. ಚಿಲ್ಲರೆ. ಬಯಲು ಸೀಮೆಯಲ್ಲಾದರೆ ಅರ್ಧ ದಿನದ ಮಾತು. ಇಲ್ಲಿ ಸುರು ಕಣಿವೆ, ಪರ್ಕಾಚಿಕ್, ರಂಗ್ದುಮ್ ದಾಟಿ, 4,400 ಮೀಟರ್ ಎತ್ತರದ ಪೆನ್ಸಿ ಲಾ ಹತ್ತಿ ಇಳಿಯಬೇಕು. ಹತ್ತಿದ ಮೇಲೆ ಡ್ರಂಗ್ ಡ್ರುಂಗ್ ಹಿಮನದಿ ಕಾಣಿಸುತ್ತದೆ, ಇಪ್ಪತ್ತು ಕಿ.ಮೀ.ಗಿಂತ ಉದ್ದದ ಮಂಜುಗಡ್ಡೆ. ಅದರ ಬಾಯಿಂದಲೇ ಸ್ಟೊದ್ ನದಿ ಹುಟ್ಟುತ್ತದೆ. ಪದುಮ್ ಹತ್ತಿರ ಇನ್ನೊಂದು ಕಡೆಯಿಂದ ಬರುವ ಲುಂಗ್ನಾಕ್ ಹೊಳೆಯನ್ನು ಸೇರಿ ಅದು ಝನ್ಸ್ಕಾರ್ ನದಿಯಾಗುತ್ತದೆ. ಅಲ್ಲಿ ನಿಂತು ನೋಡದೆ ಮೊಬೈಲ್‌ನಲ್ಲಿ ಒಂದು ಫೋಟೊ ಹೊಡೆದು ಓಡಿದರೆ ಅಷ್ಟು ದೂರ ಯಾಕೆ ಬರಬೇಕಿತ್ತು?

ಇನ್ನೊಂದು ವಿಷಯ. ದಿನಗಳನ್ನು ಒತ್ತೊತ್ತಾಗಿ ಜೋಡಿಸಿಕೊಂಡವರಿಗೆ ಒಂದು ಗುಡ್ಡ ಜಾರಿದರೂ ಎಲ್ಲವೂ ಏರುಪೇರು. ಆಗ ತಲೆನೋವಿದ್ದರೂ ಮುಂದಕ್ಕೆ ಹತ್ತುತ್ತಾರೆ, ಹಳ್ಳ ಉಕ್ಕಿದ್ದರೂ ಗಾಡಿ ಇಳಿಸುತ್ತಾರೆ. ಈ ದಾರಿಗಳಲ್ಲಿ ಜನ ತೊಂದರೆಗೆ ಸಿಗುವುದು ಹೆಚ್ಚಾಗಿ ಹೀಗೆ.

ಅನುಭವ ಇರುವವರು ಸೇರಿಸಿ. ಹೊರಡುವವರು ಕೇಳಿ.

ರಸ್ತೆರಾಜ

ಸರ್, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ನಮ್ಮಂಥವರಿಗೆ ರಜೆ ಸಿಗುವುದೇ ಕಷ್ಟ. ಅಷ್ಟು ದೂರ ಹೋಗಿ ಒಂದೇ ಕಣಿವೆ ನೋಡಿ ಬರಬೇಕಾ? ಈಗ ಲೇಹ್ ಕಡೆಯ ನಿಮ್ಮು ಊರನ್ನು ಮನಾಲಿ ಕಡೆಯ ದಾರ್ಚಾಗೆ ಜೋಡಿಸುವ ನಿಮ್ಮು–ಪದುಮ್–ದಾರ್ಚಾ ರಸ್ತೆ ಆಗಿದೆ. ಮನಾಲಿಯಲ್ಲಿ ಬೈಕ್ ಬಾಡಿಗೆಗೆ ತಗೊಂಡು, ಶಿಂಕು ಲಾ ದಾಟಿ ಪದುಮ್, ಅಲ್ಲಿಂದ ಲೇಹ್, ಆಮೇಲೆ ಹಾನ್ಲೆ, ಉಮ್ಲಿಂಗ್ ಲಾ ಮುಟ್ಟಿ ವಾಪಸ್. ನಮ್ಮ ಗುಂಪಿನ ಪ್ಲಾನ್ ಇದು. ಹನ್ನೊಂದು ದಿನ ಇದೆ. ಆಗಲ್ವಾ?

ಹಿಮಗಾಳಿ

ಬೈಕಿಗೆ ಆಗುತ್ತದೆ. ದೇಹಕ್ಕೆ ಆಗುತ್ತದಾ ಅನ್ನುವುದೇ ಪ್ರಶ್ನೆ.

ಎತ್ತರಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಮನಾಲಿ ಸುಮಾರು 2,000 ಮೀಟರ್. ದಾರ್ಚಾ 3,300 ದಾಟುತ್ತದೆ. ಶಿಂಕು ಲಾ 5,091. ಪದುಮ್ ಸುಮಾರು 3,600. ಹಾನ್ಲೆ ಸುಮಾರು 4,300. ಉಮ್ಲಿಂಗ್ ಲಾ 5,798. ಸಮುದ್ರ ಮಟ್ಟದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದ ಅರ್ಧವೂ ಉಮ್ಲಿಂಗ್ ಲಾ ಮೇಲೆ ಸಿಗುವುದಿಲ್ಲ. ಹಾದು ಹೋಗುವ ಪಾಸ್ ಎಷ್ಟು ಎತ್ತರ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದು ಮುಖ್ಯ. ಮನಾಲಿ–ಲೇಹ್ ದಾರಿಯಲ್ಲಿ ಒಂದೇ ದಿನಕ್ಕೆ ಸರ್ಚು ತಲುಪಿ ಅಲ್ಲೇ ಟೆಂಟಿನಲ್ಲಿ ಮಲಗುವವರು ಇದ್ದಾರಲ್ಲ, ಆ ಜಾಗ 4,290 ಮೀಟರ್. ಒಂದೇ ಹಗಲಲ್ಲಿ ಎರಡು ಸಾವಿರ ಮೀಟರ್‌ಗಿಂತ ಮೇಲಕ್ಕೆ. ರಾತ್ರಿಯೆಲ್ಲ ವಾಂತಿ, ತಲೆನೋವು ಅನ್ನುವ ಕಥೆಗಳು ಅಲ್ಲಿಂದಲೇ ಜಾಸ್ತಿ ಬರುತ್ತವೆ.

ರಸ್ತೆ ಬಗ್ಗೆ ಹೇಳಿದ್ದು ಸರಿ. 298 ಕಿ.ಮೀ. ಉದ್ದದ ಆ ದಾರಿಯನ್ನು ಗಡಿ ರಸ್ತೆಗಳ ಸಂಸ್ಥೆ 2024ರ ಮಾರ್ಚ್‌ನಲ್ಲಿ ಒಂದಕ್ಕೊಂದು ಕೂಡಿಸಿತು. ಅದೇ ವರ್ಷ ಜುಲೈಯಲ್ಲಿ ಶಿಂಕು ಲಾ ಕೆಳಗೆ 4.1 ಕಿ.ಮೀ. ಸುರಂಗದ ಕೆಲಸ ಶುರುವಾಯಿತು. ಆದರೆ ಕೂಡಿಸಿದ್ದಾರೆ ಅಂದರೆ ಉದ್ದಕ್ಕೂ ಟಾರು ಹಾಕಿದ್ದಾರೆ ಅಂತ ಅಲ್ಲ. ನಕ್ಷೆಯ ಗಂಟೆ ಲೆಕ್ಕ ನಂಬಬೇಡಿ.

ಇನ್ನೊಂದು ಮಾತು. ಮನಾಲಿ ಅಥವಾ ಶ್ರೀನಗರದಲ್ಲಿ ಬಾಡಿಗೆಗೆ ತಗೊಂಡ ಬೈಕನ್ನು ಲೇಹ್‌ನಿಂದ ಆಚೆ ಸುತ್ತಾಟಕ್ಕೆ ಅಲ್ಲಿನ ಬಾಡಿಗೆ ಸಂಘದವರು ಬಿಡುವುದಿಲ್ಲ. ಅಲ್ಲಿ ಸ್ಥಳೀಯ ಬೈಕೇ ಪಡೆಯಬೇಕು. ಅವರ ದುಡಿಮೆ ಇರುವುದೇ ವರ್ಷದ ನಾಲ್ಕೈದು ತಿಂಗಳು. ಆ ನಿಯಮದ ಬಗ್ಗೆ ಸಿಟ್ಟಾಗುವುದರಲ್ಲಿ ಅರ್ಥವಿಲ್ಲ.

ಸ್ಟೆತಸ್ಕೋಪ್

ನಾನು ವೈದ್ಯೆ. ಮೇಲಿನ ಮಾತಿಗೆ ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ತಪ್ಪು ಮಾಹಿತಿ ತುಂಬಾ ಓಡಾಡುತ್ತದೆ.

3,000 ಮೀಟರ್ ದಾಟಿದ ಮೇಲೆ, ಹಿಂದಿನ ರಾತ್ರಿ ಮಲಗಿದ ಜಾಗಕ್ಕಿಂತ 500 ಮೀಟರ್‌ಗಿಂತ ಜಾಸ್ತಿ ಎತ್ತರದಲ್ಲಿ ಮಲಗಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ವಿಮಾನದಲ್ಲಿ ನೇರವಾಗಿ ಲೇಹ್‌ಗೆ ಇಳಿದವರು ಕಡಿಮೆಯೆಂದರೆ 48 ಗಂಟೆ ಸುಮ್ಮನೆ ಇರಬೇಕು. ಸುಮ್ಮನೆ ಅಂದರೆ ನಿಜವಾಗಿಯೂ ಸುಮ್ಮನೆ. ಶಾಂತಿ ಸ್ತೂಪದ ಮೆಟ್ಟಿಲು ಹತ್ತುವುದು ಕೂಡ ಬೇಡ. ಜಿಮ್‌ಗೆ ಹೋಗುತ್ತೇನೆ, ಮ್ಯಾರಥಾನ್ ಓಡುತ್ತೇನೆ ಅನ್ನುವುದು ಇಲ್ಲಿ ರಕ್ಷಣೆ ಕೊಡುವುದಿಲ್ಲ. ಗಟ್ಟಿಮುಟ್ಟಾದ ಹುಡುಗರೇ ಜಾಸ್ತಿ ವೇಗವಾಗಿ ಹತ್ತಿ ಮಲಗಿಬಿಡುತ್ತಾರೆ.

ಡಯಾಮಾಕ್ಸ್, ಅಂದರೆ ಅಸಿಟಜೋಲಮೈಡ್, ದೇಹ ಬೇಗ ಹೊಂದಿಕೊಳ್ಳಲು ನೆರವಾಗುತ್ತದೆ. ತಡೆಗಾಗಿ ಸಾಮಾನ್ಯವಾಗಿ ಕೊಡುವುದು 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಹತ್ತುವ ಹಿಂದಿನ ದಿನದಿಂದ. ಸಲ್ಫಾ ಔಷಧ ಆಗಿಬರದವರು, ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ಮೊದಲು ತಮ್ಮ ವೈದ್ಯರ ಹತ್ತಿರ ಮಾತಾಡಲೇಬೇಕು. ಬೆರಳು ಜುಮ್ಮೆನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಅದಕ್ಕೆ ಹೆದರಬೇಡಿ. ನಿದ್ದೆ ಮಾತ್ರೆ ಮತ್ತು ಮದ್ಯ ಎರಡೂ ಬೇಡ. ರಾತ್ರಿ ಉಸಿರಾಟ ನಿಧಾನವಾಗುತ್ತದೆ, ಅದೇ ಅಪಾಯ.

ಎರಡು ಲಕ್ಷಣ ಕಂಡರೆ ಚರ್ಚೆ ಬೇಡ, ತಕ್ಷಣ ಕೆಳಗಿಳಿಸಿ. ಕೂತಲ್ಲೇ ಏದುಸಿರು ಮತ್ತು ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ನೆಲದ ಮೇಲೆ ಒಂದು ನೇರ ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ನಡೆಸಿ ನೋಡಿ. ವಾಲಾಡಿದರೆ ಮಿದುಳಿಗೆ ಬಾವು ಬಂದಿರಬಹುದು. ಎರಡೂ ಜೀವ ತೆಗೆಯುತ್ತವೆ. ಬೆಳಗಾಗಲಿ ನೋಡೋಣ ಅಂತ ಕಾಯಬೇಡಿ. ಆಮ್ಲಜನಕದ ಸಣ್ಣ ಕ್ಯಾನ್ ಕೆಲವು ನಿಮಿಷಕ್ಕೆ ಖಾಲಿ. ಅದು ಇದೆ ಅಂತ ಮೇಲೇ ಉಳಿಯಬಾರದು.

ಈ ಕಾರಣಕ್ಕೇ ಹಿಮಗಾಳಿಯವರ "ಒಂದೇ ಕಣಿವೆ" ಮಾತು ನನಗೆ ಇಷ್ಟವಾಯಿತು. ಒಂದೇ ಎತ್ತರದಲ್ಲಿ ಕೆಲವು ರಾತ್ರಿ ಕಳೆದವರಿಗೆ ಊಟ ರುಚಿಸುತ್ತದೆ, ನಿದ್ದೆ ಬರುತ್ತದೆ, ಆಮೇಲೆ ನಡೆಯಲು ಆಸೆಯಾಗುತ್ತದೆ.

ಅರವತ್ತರ ಹುಡುಗ

ಮೇಡಂ, ನನಗೆ 63, ನನ್ನವಳಿಗೆ 58. ಇಬ್ಬರಿಗೂ ಬಿಪಿ ಮಾತ್ರೆ ಇದೆ, ಹಿಡಿತದಲ್ಲಿದೆ. ಝನ್ಸ್ಕಾರ್ ನೋಡಬೇಕೆಂಬುದು ಬಹಳ ವರ್ಷದ ಆಸೆ. ಮಕ್ಕಳು ಬೇಡವೇ ಬೇಡ ಅನ್ನುತ್ತಾರೆ.

ಸ್ಟೆತಸ್ಕೋಪ್

ಸರ್, ವಯಸ್ಸೊಂದೇ ಕಾರಣಕ್ಕೆ ಯಾರನ್ನೂ ತಡೆಯುವುದಿಲ್ಲ. ಬಿಪಿ ಹಿಡಿತದಲ್ಲಿದ್ದು, ಹೃದಯ ಮತ್ತು ಶ್ವಾಸಕೋಶ ಸರಿಯಿದ್ದರೆ ಹೋಗಬಹುದು. ನಿಮ್ಮ ವೈದ್ಯರಿಂದ ತಪಾಸಣೆ ಮಾಡಿಸಿ, "4,400 ಮೀಟರ್ ದಾಟುತ್ತೇನೆ" ಅಂತ ಅವರಿಗೆ ಸ್ಪಷ್ಟವಾಗಿ ಹೇಳಿ.

ದಾರಿ ಮಾತ್ರ ಶ್ರೀನಗರದ ಕಡೆಯಿಂದ ಇರಲಿ. ಶ್ರೀನಗರ ಸುಮಾರು 1,600 ಮೀಟರ್, ಕಾರ್ಗಿಲ್ ಸುಮಾರು 2,700, ಆಮೇಲೆ ಸುರು ಕಣಿವೆಯ ಪಾನಿಖಾರ್, ಆಮೇಲೆ ಪದುಮ್. ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕಾರ್ಗಿಲ್‌ನಲ್ಲಿ ಎರಡು ರಾತ್ರಿ, ಪಾನಿಖಾರ್‌ನಲ್ಲಿ ಎರಡು ರಾತ್ರಿ. ಅಲ್ಲಿಂದ ನುನ್, ಕುನ್ ಶಿಖರಗಳು ಎದುರಿಗೇ ಕಾಣುತ್ತವೆ, ಎರಡೂ 7,000 ಮೀಟರ್ ಮೀರಿದವು. ಕೂತು ನೋಡಲು ಅದಕ್ಕಿಂತ ಒಳ್ಳೆ ಜಾಗ ಬೇಕಾ? ರಂಗ್ದುಮ್‌ನಲ್ಲಿ ಮಲಗಬೇಡಿ, ಹಾದು ಹೋಗಿ. ಅದು 4,000 ಮೀಟರ್ ಆಸುಪಾಸಿನ ಗಾಳಿ ಬೀಸುವ ಬಯಲು.

ಪಕ್ಕದ ಸೀಟು

ಹಳ್ಳ ದಾಟುವ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ.

ಈ ಕಡೆಯ ಹಳ್ಳಗಳು ಮಳೆಯಿಂದ ತುಂಬುವುದಕ್ಕಿಂತ ಬಿಸಿಲಿನಿಂದ ತುಂಬುವುದೇ ಹೆಚ್ಚು. ಹಗಲು ಬಿಸಿಲಿಗೆ ಮೇಲಿನ ಹಿಮ ಕರಗುತ್ತದೆ. ಆ ನೀರು ಕೆಳಗೆ ರಸ್ತೆಗೆ ಬರುವ ಹೊತ್ತಿಗೆ ಮಧ್ಯಾಹ್ನ, ಸಂಜೆ. ರಾತ್ರಿ ಮತ್ತೆ ಮೇಲೆ ಹೆಪ್ಪುಗಟ್ಟುತ್ತದೆ, ಬೆಳಗ್ಗೆ ಹಳ್ಳ ಇಳಿದಿರುತ್ತದೆ. ಆದ್ದರಿಂದ ದಾಟುವುದಿದ್ದರೆ ಬೆಳಗ್ಗೆಯೇ. ಅಲ್ಲಿನ ಡ್ರೈವರ್‌ಗಳು ಐದಕ್ಕೇ ಹೊರಡೋಣ ಅಂದರೆ ಗೊಣಗದೆ ಏಳಿ.

ಪೆನ್ಸಿ ಲಾ ಈಚೆ ಒಂದು ಹಳ್ಳದ ಹತ್ತಿರ ನಮ್ಮ ಡ್ರೈವರ್ ಗಾಡಿ ನಿಲ್ಲಿಸಿದ. ಮಧ್ಯಾಹ್ನ ಮೂರು ಗಂಟೆ ಇರಬಹುದು. ನೋಡಿದರೆ ಮೊಣಕಾಲಷ್ಟೇ ನೀರು. ನಾವು ಹೋಗೋಣ ಅಂದೆವು. ಅವನು ಉತ್ತರ ಕೊಡದೆ ಇಳಿದು, ತೆಂಗಿನಕಾಯಿ ಗಾತ್ರದ ಒಂದು ಕಲ್ಲನ್ನು ಸರಿಯಾಗಿ ನೀರಿನ ಅಂಚಿಗೆ ಇಟ್ಟ. ಬಂದು ಫ್ಲಾಸ್ಕಿನಿಂದ ಚಹಾ ಸುರಿದುಕೊಂಡ. ಅವನ ಲೋಟ ಖಾಲಿಯಾಗುವ ಹೊತ್ತಿಗೆ ಕಲ್ಲಿನ ಬುಡ ಒದ್ದೆ. ಇನ್ನೊಂದು ಲೋಟದ ಹೊತ್ತಿಗೆ ಕಲ್ಲಿನ ತಲೆ ಮಾತ್ರ ಕಾಣುತ್ತಿತ್ತು. ಬೂದು ಬಣ್ಣದ ನೀರು, ಕೆಳಗೆ ಬಂಡೆ ಉರುಳುವ ಗುಡುಗುಡು ಸದ್ದು. ಅಷ್ಟು ಸಾಕಾಯಿತು. ಗಾಡಿ ತಿರುಗಿಸಿ ಹಿಂದಿನ ಊರಿಗೆ ಹೋಗಿ ಮಲಗಿದೆವು. ಬೆಳಗ್ಗೆ ಬಂದಾಗ ಅದೇ ಕಲ್ಲು ಒಣಗಿ ನಿಂತಿತ್ತು, ನೀರು ಅದರಿಂದ ಹತ್ತು ಹೆಜ್ಜೆ ದೂರ.

ಅಂದಿನಿಂದ ಯಾವ ಹಳ್ಳಕ್ಕೆ ಹೋದರೂ ಮೊದಲು ಕಲ್ಲು ಇಡುತ್ತೇನೆ. ನೀರಿನ ಬಣ್ಣ ಕಲಕಿದ್ದರೆ, ಉರುಳುವ ಸದ್ದು ಕೇಳಿದರೆ, ಆಳ ಎಷ್ಟೇ ಇರಲಿ ಇಳಿಯಬೇಡಿ.

ಡೀಸೆಲ್ ಮಾಮ

ಕಲ್ಲಿನ ಮಾತು ಲಕ್ಷ ರೂಪಾಯಿಯದ್ದು. ನನ್ನದು ಗಾಡಿ ವಿಷಯ.

ಪ್ರತಿ ಸಾವಿರ ಮೀಟರ್ ಏರಿದಾಗ ಟರ್ಬೊ ಇಲ್ಲದ ಎಂಜಿನ್ ಸುಮಾರು ನೂರಕ್ಕೆ ಹತ್ತರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಐದು ಸಾವಿರದ ಪಾಸ್ ಮೇಲೆ ಅರ್ಧ ಗಾಡಿ ಓಡಿಸಿದ ಹಾಗೆ. ಹಿಂದೆ ಇಬ್ಬರು ಕೂತು, ಮೇಲೆ ಲಗೇಜು ಕಟ್ಟಿಕೊಂಡು ಹೋಗುವ ಬೈಕಿನವರು ಯೋಚಿಸಿ. ಕಾರ್ಬುರೇಟರ್ ಇರುವ ಹಳೆ ಬೈಕಾದರೆ ಹೊಗೆ ಉಗುಳಿ ನಿಲ್ಲುತ್ತದೆ.

ಪೆಟ್ರೋಲ್. ಮನಾಲಿ–ಲೇಹ್ ದಾರಿಯ ತಾಂಡಿ ಪಂಪಿನ ಮುಂದೆ ಬಹಳ ಕಾಲ ಒಂದು ಬೋರ್ಡ್ ಇತ್ತು, ಮುಂದಿನ ಪಂಪ್ 365 ಕಿ.ಮೀ. ಅಂತ. ಎಲ್ಲರೂ ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಈಗ ಪದುಮ್‌ನಲ್ಲೂ ಪಂಪ್ ಇದೆ. ಆದರೆ ಅಲ್ಲಿಗೆ ಟ್ಯಾಂಕರ್ ಬರುವುದೂ ಇದೇ ರಸ್ತೆಯಲ್ಲಿ. ರಸ್ತೆ ಮುಚ್ಚಿದರೆ ಪಂಪ್ ಕೂಡ ಒಣಗುತ್ತದೆ. ಎಲ್ಲಿ ಸಿಕ್ಕರೂ ಟ್ಯಾಂಕ್ ತುಂಬಿಸಿ, ಎಟಿಎಂ ವಿಷಯದಲ್ಲೂ ಇದೇ ನೀತಿ. ನಗದು ಜೊತೆಗಿರಲಿ, ಸಣ್ಣ ನೋಟುಗಳಾಗಿ.

ಎರಡು ಟ್ಯೂಬ್, ಪಂಕ್ಚರ್ ಕಿಟ್, ಕ್ಲಚ್ ಕೇಬಲ್, ಚೈನ್ ಲಿಂಕ್. ಇವಿಷ್ಟು ಸಾಕು, ಅಂಗಡಿಯನ್ನೇ ಹೊತ್ತುಕೊಂಡು ಹೋಗಬೇಡಿ.

ಸಿಗ್ನಲ್ ಇಲ್ಲ

ನನ್ನ ಹತ್ತಿರ ಗಾರ್ಮಿನ್ ಇನ್‌ರೀಚ್ ಇದೆ, ಹೊರದೇಶದಲ್ಲಿದ್ದಾಗ ತಗೊಂಡಿದ್ದು. ಮೊಬೈಲ್ ಸಿಗದ ಕಡೆ ಉಪಗ್ರಹದ ಮೂಲಕ ಮೆಸೇಜ್ ಹೋಗುತ್ತದೆ. ತಗೊಂಡು ಹೋಗಲಾ?

ಹಿಮಗಾಳಿ

ದಯವಿಟ್ಟು ಬೇಡ. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಅಥವಾ ಇಂಥ ಸಾಧನ ಇಟ್ಟುಕೊಳ್ಳುವುದು ಅಪರಾಧ. ಥುರಾಯಾ, ಇರಿಡಿಯಂ ಜೊತೆಗೆ ಇನ್‌ರೀಚ್ ಕೂಡ ಇದರಲ್ಲೇ ಬರುತ್ತದೆ. ಗೊತ್ತಿಲ್ಲದೆ ತಂದ ಹೊರದೇಶದ ಚಾರಣಿಗರನ್ನು ವಿಮಾನ ನಿಲ್ದಾಣದಲ್ಲೇ ತಡೆದ ಪ್ರಕರಣಗಳಿವೆ. ಅದರಲ್ಲೂ ಇದು ಗಡಿ ಪ್ರದೇಶ.

ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ. ಪೋಸ್ಟ್‌ಪೇಯ್ಡ್ ಬೇಕು. ಅದೂ ಎಲ್ಲ ಕಡೆ ಸಿಗುವುದಿಲ್ಲ. ಅದಕ್ಕೇ ಹಳೆಯ ಪದ್ಧತಿ ಒಳ್ಳೆಯದು. ಹೊರಡುವ ಊರಿನ ಮನೆಯವರಿಗೆ ಎಲ್ಲಿಗೆ, ಯಾವತ್ತು ವಾಪಸ್ ಅಂತ ಹೇಳಿ ಹೋಗಿ. ಒಂದೇ ಕಣಿವೆಯಲ್ಲಿ ಇದ್ದರೆ ಇದು ಕೆಲಸ ಮಾಡುತ್ತದೆ. ಮುಂದಿನ ಊರಿನವರಿಗೂ ಅವರು ನೆಂಟರೇ ಆಗಿರುತ್ತಾರೆ. ನೀವು ಬರಲಿಲ್ಲ ಅಂದರೆ ಸಂಜೆಯೊಳಗೆ ಹುಡುಕಲು ಯಾರಾದರೂ ಹೊರಟಿರುತ್ತಾರೆ.

ಒಂಟಿ ಚಪ್ಪಲಿ

ಹೆಣ್ಣುಮಕ್ಕಳು ಒಬ್ಬರೇ ಹೋಗಬಹುದಾ ಅಂತ ನನ್ನನ್ನು ಆಗಾಗ ಕೇಳುತ್ತಾರೆ. ನಾನು ಲುಂಗ್ನಾಕ್ ಕಡೆ ಒಬ್ಬಳೇ ಹೋಗಿದ್ದೆ. ಹೋಗಬಹುದು, ಧೈರ್ಯವಾಗಿ. ಒಂದು ಷರತ್ತು: ಹೋಟೆಲ್ ಹುಡುಕಬೇಡಿ, ಮನೆಗಳಲ್ಲಿ ಇರಿ. ಹಳ್ಳಿಗಳಲ್ಲಿ ಹೋಂಸ್ಟೇ ನಡೆಸುವವರು ಹೆಚ್ಚಾಗಿ ಮನೆಯ ಹೆಂಗಸರೇ.

ಫುಗ್ತಾಲ್ ಮಠಕ್ಕೆ ಹೋಗುವ ಮುನ್ನ ಪುರ್ನೆಯಲ್ಲಿ ಉಳಿದಿದ್ದೆ. ಅಲ್ಲಿ ಬದುಕೆಲ್ಲ ಅಡುಗೆಮನೆಯಲ್ಲೇ. ನಡುವೆ ಒಲೆ, ಬೆರಣಿಯ ಬೆಂಕಿ. ಗೋಡೆಗುಂಟ ಹಾಸು, ಅದರ ಮುಂದೆ ಮೊಣಕಾಲೆತ್ತರದ ಬಣ್ಣದ ಮೇಜು. ಹಿಂದೆ ಹಲಗೆಯ ಮೇಲೆ ಸಾಲಾಗಿ ತಾಮ್ರ, ಹಿತ್ತಾಳೆಯ ಪಾತ್ರೆಗಳು, ಮುಖ ಕಾಣುವಷ್ಟು ಉಜ್ಜಿದವು. ಅಮಾ-ಲೇ, ಅಂದರೆ ಆ ಮನೆಯ ತಾಯಿ, ಉಪ್ಪು ಬೆಣ್ಣೆಯ ಚಹಾ ಹಾಕಿದರು. ಒಂದು ಗುಟುಕು ಕುಡಿದು ಕೆಳಗಿಟ್ಟರೆ ಮತ್ತೆ ತುಂಬಿಸುತ್ತಾರೆ. ಸಾಕಾದರೆ ಲೋಟ ತುಂಬಿದ ಹಾಗೇ ಬಿಟ್ಟು, ಏಳುವ ಮುನ್ನ ಒಮ್ಮೆಗೇ ಕುಡಿಯಬೇಕು. ಸಂಜೆ ಬಟಾಣಿ ಬಿಡಿಸಲು ಕೂತೆ. ಅವರಿಗೆ ಹಿಂದಿ ಸ್ವಲ್ಪ, ನನಗೆ ಲಡಾಖಿ ನಾಲ್ಕು ಮಾತು. ಆದರೂ ಮಗಳು ಲೇಹ್‌ನಲ್ಲಿ ಓದುತ್ತಿದ್ದಾಳೆ, ಚಳಿಗಾಲದಲ್ಲಿ ಬರುವುದು ಕಷ್ಟ ಅನ್ನುವವರೆಗೆ ಮಾತಾಯಿತು.

ಫುಗ್ತಾಲ್‌ಗೆ ರಸ್ತೆ ಇಲ್ಲ. ಪುರ್ನೆಯಿಂದ ಹೊಳೆಯ ದಂಡೆ ಹಿಡಿದು ನಡೆಯಬೇಕು. ತಿರುವು ದಾಟಿದ ಕೂಡಲೇ ಬಂಡೆಯ ದೊಡ್ಡ ಗುಹೆ, ಅದರ ಬಾಯಿಂದ ಕೆಳಗೆ ಇಳಿಬಿಟ್ಟಂತೆ ಬಿಳಿ ಮನೆಗಳು. ಹಂಗೇರಿಯ ಸೋಮಾ ದ ಕೊರೋಷ್ 1825–26ರಲ್ಲಿ ಇಲ್ಲೇ ಕೂತು ಟಿಬೆಟನ್ ಭಾಷೆ ಓದಿದ್ದು. ಅದಕ್ಕೂ ಮುಂಚೆ ಝಂಗ್ಲಾದಲ್ಲಿದ್ದ. ಟಿಬೆಟನ್–ಇಂಗ್ಲಿಷ್ ನಿಘಂಟಿನ ಕೆಲಸ ಈ ಚಳಿಯಲ್ಲೇ ನಡೆದದ್ದು, 1834ರಲ್ಲಿ ಅಚ್ಚಾಯಿತು. ಅವನು ಕಣಿವೆಗಳನ್ನು ಎಣಿಸಲು ಬಂದವನಲ್ಲ, ಅಲ್ವಾ?

ರಸ್ತೆರಾಜ

ಅಕ್ಕಾ, ಆ ಹೊಳೆಯಲ್ಲೇ ಅಲ್ವಾ ಪ್ರವಾಹ ಬಂದಿದ್ದು?

ಒಂಟಿ ಚಪ್ಪಲಿ

ಹೌದು. 2014ರ ಕೊನೆಯಲ್ಲಿ ಗುಡ್ಡ ಜಾರಿ ಹೊಳೆಗೆ ಅಡ್ಡ ಬಿತ್ತು, ಹಿಂದೆ ಕೆರೆ ಕಟ್ಟಿತು. 2015ರ ಮೇ 7ರಂದು ಒಡೆದು ಸೇತುವೆಗಳು ಕೊಚ್ಚಿ ಹೋದವು. ಕಣಿವೆಯವರು ಮೊದಲೇ ಎಚ್ಚರವಾಗಿದ್ದರು, ಜೀವ ಹೋಗಲಿಲ್ಲ. ಸೇತುವೆ ಹೋದರೆ ಆ ಊರುಗಳಿಗೆ ಉಪ್ಪು, ಅಕ್ಕಿ, ಔಷಧ ಎಲ್ಲವೂ ನಿಂತ ಹಾಗೆ.

ಚುಕ್ಕಿ ಎಣಿಸುವವನು

ಎಲ್ಲರೂ ಝನ್ಸ್ಕಾರ್ ಅನ್ನುತ್ತಿದ್ದೀರಿ, ನಾನು ಚಾಂಗ್‌ಥಾಂಗ್ ಪಕ್ಷ.

ಹಾನ್ಲೆಯ ಬೆಟ್ಟದ ಮೇಲೆ 4,500 ಮೀಟರ್ ಎತ್ತರದಲ್ಲಿ ಭಾರತೀಯ ಖಗೋಳ ವೀಕ್ಷಣಾಲಯ ಇದೆ. ಅಲ್ಲಿನ ಎರಡು ಮೀಟರ್ ಅಗಲದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಉಪಗ್ರಹ ಸಂಪರ್ಕದ ಮೂಲಕ, ನಮ್ಮ ಹೊಸಕೋಟೆಯಿಂದ. 2022ರಲ್ಲಿ ಸುತ್ತಲಿನ ಪ್ರದೇಶವನ್ನು ಕತ್ತಲು ಕಾಯುವ ತಾಣ ಅಂತ ಘೋಷಿಸಿದರು, ದೇಶದಲ್ಲೇ ಮೊದಲನೆಯದು. ಊರಿನ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ದೂರದರ್ಶಕ ಕೊಟ್ಟಿದ್ದಾರೆ. ಅವರೇ ಆಕಾಶ ತೋರಿಸುತ್ತಾರೆ. ಅಮಾವಾಸ್ಯೆಯ ಆಸುಪಾಸಿನಲ್ಲಿ ಹೋಗಿ. ಹಾಲುಹಾದಿಯ ನಡುವಿನ ಕಪ್ಪು ಪಟ್ಟೆಗಳು ಕೂಡ ಬರಿಗಣ್ಣಿಗೆ ಕಾಣುತ್ತವೆ. ದಯವಿಟ್ಟು ರಾತ್ರಿ ಗಾಡಿಯ ಹೈ ಬೀಮ್ ಹಾಕಬೇಡಿ, ಟಾರ್ಚಿಗೆ ಕೆಂಪು ಕಾಗದ ಸುತ್ತಿ.

ಉಮ್ಲಿಂಗ್ ಲಾಗೆ ಹೋಗುವ ಅವಸರದಲ್ಲಿ ಹಾನ್ಲೆಯಲ್ಲಿ ಒಂದೇ ರಾತ್ರಿ ಇದ್ದು ಹೋಗುವವರನ್ನು ನೋಡಿದರೆ ಬೇಜಾರು. ಅದೇ ರಾತ್ರಿ ಮೋಡ ಇದ್ದರೆ?

ಇನ್ನೊಂದು ಎಚ್ಚರ, ಬೀದಿ ನಾಯಿಗಳು. ಚಾಂಗ್‌ಥಾಂಗ್‌ನಲ್ಲಿ ಗುಂಪಾಗಿ ಓಡಾಡುತ್ತವೆ. ಕಿಯಾಂಗ್ ಎಂಬ ಕಾಡುಕತ್ತೆಯ ಮರಿಗಳನ್ನೂ ಕಪ್ಪು ಕತ್ತಿನ ಕ್ರೇನ್ ಹಕ್ಕಿಯ ಮೊಟ್ಟೆಗಳನ್ನೂ ಬಿಡುವುದಿಲ್ಲ, ಜನರ ಮೇಲೂ ಬೀಳುತ್ತವೆ. ಬೆಳಗಿನ ಜಾವ ಒಬ್ಬರೇ ನಡೆಯಬೇಡಿ, ಕೋಲು ಹಿಡಿದುಕೊಳ್ಳಿ, ಓಡಬೇಡಿ. ಬಿಸ್ಕತ್ತು ಹಾಕಬೇಡಿ. ಮಿಕ್ಕ ಊಟದಿಂದಲೇ ಅವುಗಳ ಸಂಖ್ಯೆ ಬೆಳೆದಿರುವುದು.

ನೀರುಳಿಸಿ

ಎಲ್ಲರ ಮಾತು ಓದಿದೆ. ನನಗೆ ಒಂದು ಪ್ರಶ್ನೆ ಕಾಡುತ್ತಿದೆ. ನಾವು ಹೋಗಲೇಬೇಕಾ?

ಝನ್ಸ್ಕಾರ್‌ನಲ್ಲಿ ಕುಮಿಕ್ ಅಂತ ಒಂದು ಊರಿದೆ. ಮೇಲಿನ ಬೆಟ್ಟದ ಹಿಮ ಕಡಿಮೆಯಾಗಿ ತೊರೆ ಸೊರಗಿತು. ಹೊಲಕ್ಕೆ ನೀರಿಲ್ಲದೆ ಹಲವು ಮನೆಯವರು ಕೆಳಗಿನ ಬಯಲಿನಲ್ಲಿ ಹೊಸ ಮನೆ ಕಟ್ಟಿಕೊಳ್ಳಬೇಕಾಯಿತು. ಚಾಂಗ್‌ಥಾಂಗ್‌ನ ಖರ್ನಾಕ್‌ನಿಂದ ಬಹಳಷ್ಟು ಚಾಂಗ್ಪಾ ಅಲೆಮಾರಿ ಕುಟುಂಬಗಳು ಪಶ್ಮೀನಾ ಮೇಕೆ, ಯಾಕ್ ಮಾರಿ ಲೇಹ್ ಪಕ್ಕದ ಖರ್ನಾಕ್‌ಲಿಂಗ್‌ಗೆ ಬಂದು ನೆಲೆಸಿವೆ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ ಸುಮಾರು 100 ಮಿ.ಮೀ. ಅಂಥ ಕಡೆ ನಾವು ಹೋಗಿ ಬಿಸಿನೀರಿನ ಶವರ್ ಕೇಳುತ್ತೇವೆ. ಜನ ಹೋಗದ ಜಾಗ ಅಂತ ಹೇಳಿ ಹೇಳಿಯೇ ಅಲ್ಲಿಗೂ ಜನ ತುಂಬಿಸುತ್ತಿದ್ದೇವೆ. ರಸ್ತೆ ಬಂದ ಮೇಲೆ ಶಿಂಕು ಲಾ ಹತ್ತಿರ, ಆ ಜನ ಪವಿತ್ರ ಅಂತ ಕೈ ಮುಗಿಯುವ ಗೊಂಬೊ ರಂಗ್‌ಜೊನ್ ಶಿಖರದ ಕೆಳಗೆ ನೀರಿನ ಬಾಟಲಿ ಬಿದ್ದಿರುವುದನ್ನು ನೋಡಿ ಕಣ್ಣಲ್ಲಿ ನೀರು ಬಂತು.

ಒಂಟಿ ಚಪ್ಪಲಿ

ನಿಮ್ಮ ನೋವು ನನ್ನದೂ ಹೌದು. ಆದರೆ ರಸ್ತೆ ಬಗ್ಗೆ ಒಂದು ಮಾತು ಹೇಳಲೇಬೇಕು. ರಸ್ತೆ ಬಂದು ಹಾಳಾಯಿತು ಅಂತ ನಾವು ಹೊರಗಿನವರು ಹೇಳುವುದು ಸುಲಭ. ಪೆನ್ಸಿ ಲಾ ಹಿಮದಲ್ಲಿ ಮುಚ್ಚಿದರೆ ಝನ್ಸ್ಕಾರ್‌ನವರಿಗೆ ಹೊರಗೆ ಹೋಗಲು ಹೆಪ್ಪುಗಟ್ಟಿದ ನದಿಯೇ ದಾರಿಯಾಗಿತ್ತು. ನಾವು ಚಾದರ್ ಚಾರಣ ಅಂತ ದುಡ್ಡು ಕೊಟ್ಟು ಹೋಗುವ ಅದೇ ಮಂಜಿನ ಮೇಲೆ ಅವರು ಮಕ್ಕಳನ್ನು ಶಾಲೆಗೆ ಕರೆದುಕೊಂಡು ಹೋಗುತ್ತಿದ್ದರು. ಹೆರಿಗೆಗೆ ಕಷ್ಟವಾದ ಹೆಂಗಸಿಗೆ ಹೆಲಿಕಾಪ್ಟರ್ ಬಂದರೆ ಬಂತು. ನಾನಿದ್ದ ಮನೆಯ ಅಮಾ-ಲೇಗೆ ರಸ್ತೆ ಬೇಕಿತ್ತು, ಸ್ಪಷ್ಟವಾಗಿ ಹೇಳಿದರು. ನಾವು ನೋಡಿ ಸಂತೋಷಪಡಲಿ ಅಂತ ಅವರು ಕಷ್ಟದಲ್ಲಿ ಇರಬೇಕಾ?

ನೀರುಳಿಸಿ

ರಸ್ತೆ ಬೇಡ ಅಂತ ನಾನು ಹೇಳಿಲ್ಲ, ಮೇಡಂ. ಆ ರಸ್ತೆಯಲ್ಲಿ ನಾವು ಹೇಗೆ ಹೋಗುತ್ತೇವೆ ಅನ್ನುವುದು ನನ್ನ ಪ್ರಶ್ನೆ.

ಹಿಮಗಾಳಿ

ಇಬ್ಬರ ಮಾತೂ ನನಗೆ ಮುಖ್ಯ ಅನ್ನಿಸುತ್ತದೆ. ಹೋಗಲೇಬೇಡಿ ಅನ್ನಲು ನನಗೆ ಮನಸ್ಸಿಲ್ಲ. ಹೋಂಸ್ಟೇಯಿಂದ ಬರುವ ಹಣ ನೇರವಾಗಿ ಮನೆಗೆ ಹೋಗುತ್ತದೆ. ಹೆಮಿಸ್ ಕಡೆಯ ಹಳ್ಳಿಗಳಲ್ಲಿ ಹಿಮ ಚಿರತೆ ಕುರಿ ತಿಂದರೂ ಕೊಲ್ಲದೆ ಇರಲು ಈ ಹಣ ಒಂದು ಕಾರಣವಾಯಿತು. ಆದರೆ ಗಾಡಿಯಲ್ಲಿ ಬಂದು, ಗಾಡಿಯಲ್ಲೇ ತಿಂದು, ಕಸ ಬಿಸಾಕಿ ಹೋಗುವವರಿಂದ ಆ ಊರಿಗೆ ಸಿಗುವುದು ಧೂಳು ಮಾತ್ರ. ಹತ್ತು ಗಾಡಿ ಹಾದು ಹೋಗುವುದಕ್ಕಿಂತ ಇಬ್ಬರು ಒಂದು ವಾರ ಇರುವುದು ಮೇಲು.

ಅಲ್ಲಿ ಒಣ ಪಾಯಿಖಾನೆ ಇರುತ್ತದೆ. ನೀರು ಹಾಕುವಂತಿಲ್ಲ, ಪಕ್ಕದ ಮಣ್ಣು ಒಂದು ಸಲಿಕೆ ಹಾಕಬೇಕು. ಅದೇ ಮುಂದಿನ ವರ್ಷ ಬಾರ್ಲಿ ಹೊಲಕ್ಕೆ ಗೊಬ್ಬರ. ಒಳಗೆ ಪ್ಲಾಸ್ಟಿಕ್, ಪ್ಯಾಡ್ ಏನೂ ಹಾಕಬೇಡಿ. ಕುಡಿಯುವ ನೀರಿಗೆ ಬಾಟಲಿ ಕೊಳ್ಳಬೇಡಿ, ಮನೆಯಲ್ಲಿ ಕುದಿಸಿದ್ದು ತುಂಬಿಸಿಕೊಳ್ಳಿ. 4,500 ಮೀಟರ್‌ನಲ್ಲಿ ನೀರು 85 ಡಿಗ್ರಿಗೇ ಕುದಿಯುತ್ತದೆ, ಆದರೂ ಚೆನ್ನಾಗಿ ಕುದಿಸಿದರೆ ಕುಡಿಯಲು ಸಾಕು. ನೀವು ತಂದ ಪ್ಯಾಕೆಟ್‌ಗಳ ಕವರ್ ನಿಮ್ಮ ಚೀಲದಲ್ಲೇ ವಾಪಸ್. ಚಾಂಗ್‌ಥಾಂಗ್‌ನ ತ್ಸೊ ಮೊರಿರಿ ಸರೋವರ 2002ರಿಂದ ರಾಮ್ಸರ್ ಅಂತರರಾಷ್ಟ್ರೀಯ ಒಪ್ಪಂದದ ಜೌಗು ತಾಣ. ಅದರ ದಡದಲ್ಲಿ ಟೆಂಟ್ ಹಾಕುವಂತಿಲ್ಲ, ಗಾಡಿ ಇಳಿಸುವಂತಿಲ್ಲ. ಕೊರ್ಜೋಕ್ ಊರಿನಲ್ಲಿ ಉಳಿದು ನಡೆದು ಹೋಗಿ. ಚಾಂಗ್ಪಾಗಳ ಟೆಂಟು ಕಂಡರೆ ಕ್ಯಾಮೆರಾ ಹಿಡಿದು ಒಳಗೆ ನುಗ್ಗಬೇಡಿ, ಅದು ಮನೆ. ಹೊರಗೆ ನಿಂತು ಜುಲೇ (ನಮಸ್ಕಾರ) ಅನ್ನಿ, ಕರೆದರೆ ಹೋಗಿ.

ಅರವತ್ತರ ಹುಡುಗ

ಯಾವ ತಿಂಗಳು ಒಳ್ಳೆಯದು, ದಯವಿಟ್ಟು ತಿಳಿಸಿ. ಸ್ಟೆತಸ್ಕೋಪ್ ಮೇಡಂ ಬರೆದದ್ದನ್ನು ಮಗನಿಗೆ ಓದಿ ಹೇಳಿದೆ. ಸುಮ್ಮನಾದ.

ಪಕ್ಕದ ಸೀಟು

ಸರ್, ನಿಮಗೆ ಸೆಪ್ಟೆಂಬರ್ ಮೊದಲ ಅರ್ಧ. ಬಿಸಿಲ ಕಾವು ಇಳಿದು ಹಳ್ಳಗಳು ಸೌಮ್ಯವಾಗಿರುತ್ತವೆ, ಬಾರ್ಲಿ ಕೊಯ್ಲು ನಡೆದಿರುತ್ತದೆ, ಕಣದಲ್ಲಿ ದನ ಕಟ್ಟಿ ತುಳಿಸುವುದು ನೋಡಬಹುದು. ರಾತ್ರಿ ಚಳಿ ಜಾಸ್ತಿ, ದಪ್ಪ ಉಡುಪು ಬೇಕು. ಜುಲೈ, ಆಗಸ್ಟ್‌ನಲ್ಲಿ ಹೂವು, ಹಸಿರು ಚೆನ್ನ. ಆದರೆ ಅಲ್ಲಿ ಮಳೆ ಅಪರೂಪ ಅಂತ ನಿರ್ಲಕ್ಷ್ಯ ಬೇಡ. 2010ರ ಆಗಸ್ಟ್‌ನಲ್ಲಿ ಮೇಘಸ್ಫೋಟವಾಗಿ ಲೇಹ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಗಿಡ ಇಲ್ಲದ ಬೆಟ್ಟ, ಸ್ವಲ್ಪ ಜೋರು ಮಳೆ ಬಂದರೂ ಕೆಸರಾಗಿ ಇಳಿಯುತ್ತದೆ. ಒಣ ಹಳ್ಳದ ಪಾತ್ರದಲ್ಲಿ ಟೆಂಟ್ ಹಾಕಬೇಡಿ.

ರಸ್ತೆರಾಜ

ಗುಂಪಿನಲ್ಲಿ ಮಾತಾಡಿದೆ. ಮೂವರು ಉಮ್ಲಿಂಗ್ ಲಾ ಬಿಡಲ್ಲ ಅಂದರು, ಅವರು ಬೇರೆ ಹೋಗುತ್ತಾರೆ. ನಾವು ಇಬ್ಬರು ಝನ್ಸ್ಕಾರ್ ಮಾತ್ರ. ಬೈಕ್ ಬೇಡ ಅಂತಲೂ ತೀರ್ಮಾನವಾಯಿತು. ಕಾರ್ಗಿಲ್‌ನಿಂದ ಶೇರ್ ಟ್ಯಾಕ್ಸಿ ಸಿಗುತ್ತದಾ?

ಹಿಮಗಾಳಿ

ಸಿಗುತ್ತದೆ. ಹಿಂದಿನ ಸಂಜೆಯೇ ಸ್ಟ್ಯಾಂಡಿಗೆ ಹೋಗಿ ಸೀಟು ಹೇಳಿಡಿ, ಬೆಳಗಿನ ಜಾವ ಹೊರಡುತ್ತವೆ. ಪದುಮ್‌ನಲ್ಲಿ ಮೊದಲು ಎರಡು ರಾತ್ರಿ. ಮಾರನೇ ದಿನ ಕರ್ಷಾ ಮಠ, ಆಮೇಲೆ ಸಾನಿ, ಸ್ಟೊಂಗ್ಡೆ, ಝಂಗ್ಲಾ, ನಿಮಗೆ ಹೇಗೆ ಬೇಕೋ ಹಾಗೆ. ಅಲ್ಲಿಂದ ಪುರ್ನೆ, ಫುಗ್ತಾಲ್. ಆಧಾರ್‌ನ ನಾಲ್ಕೈದು ಪ್ರತಿ ಇಟ್ಟುಕೊಳ್ಳಿ, ತಪಾಸಣೆ ಚೌಕಿಗಳಲ್ಲಿ ಕೇಳುತ್ತಾರೆ. ಶುಲ್ಕ, ಅನುಮತಿಯ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ವಾರ ಲಡಾಖ್ ಆಡಳಿತದ ಜಾಲತಾಣದಲ್ಲಿ ನೋಡಿಕೊಳ್ಳಿ.

ಹನ್ನೊಂದು ದಿನದಲ್ಲಿ ಕೊನೆಯ ಎರಡು ದಿನಕ್ಕೆ ಏನನ್ನೂ ಬರೆಯಬೇಡಿ, ಖಾಲಿ ಇರಲಿ. ರಸ್ತೆ ಮುಚ್ಚಿದರೆ ಅವು ಬೇಕಾಗುತ್ತವೆ. ಮುಚ್ಚದಿದ್ದರೆ ಪುರ್ನೆಯಲ್ಲೇ ಇನ್ನೆರಡು ರಾತ್ರಿ ಇರಿ. ವಾಪಸ್ ಟಿಕೆಟ್ ಶ್ರೀನಗರದಿಂದ ತೆಗೆದುಕೊಳ್ಳಿ, ದಿನಾಂಕ ಬದಲಾಯಿಸಲು ಬರುವಂಥದ್ದು.